ಕೊನೆಗೆ ಬರೆದ ಹೆಸರು

— ಆರು ಹಾಡು ಮುಗಿದರೂ ನೀವು ಏನೂ ಹೇಳಲಿಲ್ಲ ಮಾವ. ಹಿಡಿಸಲಿಲ್ಲವಾ?

— ಹಿಡಿಸದೆ ಇದ್ದಿದ್ದರೆ ಎರಡನೇದಕ್ಕೇ ಎದ್ದು ತೋಟಕ್ಕೆ ಹೋಗಿರುತ್ತಿದ್ದೆ. ನಾನು ಟ್ರಂಪೆಟ್ಟಿಗೆ ಕಾಯುತ್ತಾ ಇದ್ದೆ. ಜಾಜ್ ಅಂದೆಯಲ್ಲ ನೀನು. ಜಾಜ್ ಅಂದರೆ ಡಿಜಿ ಗಿಲೆಸ್ಪಿ ಕೆನ್ನೆ ಉಬ್ಬಿಸಿಕೊಂಡು ಊದೋ ಫೋಟೋನೇ ನನಗೆ ನೆನಪಾಗೋದು. ಇಲ್ಲಿ ಟ್ರಂಪೆಟ್ಟೂ ಇಲ್ಲ, ಪಿಯಾನೋನೂ ಇಲ್ಲ, ಡ್ರಮ್‌ಸೆಟ್ಟೂ ಇಲ್ಲ. ಹಾಡೋ ಹೆಂಗಸು ಒಬ್ಬರು, ಮೃದಂಗ, ಘಟ, ಖಂಜಿರ, ಮೋರ್ಸಿಂಗ್, ಜೊತೆಗೆ ಊದೋನು ಒಬ್ಬ. ಇದು ಜಾಜ್ ಹೇಗಾಯಿತು?

— ಊದುವವರು ಚಾರ್ಲಿ ಮರಿಯಾನೊ. ಅಮೆರಿಕದ ಬೋಸ್ಟನ್‌ನಲ್ಲಿ 1923ರಲ್ಲಿ ಹುಟ್ಟಿದ ಸ್ಯಾಕ್ಸೊಫೋನ್ ವಾದಕ. ಹಾಡಿದವರು ಬೆಂಗಳೂರಿನ ಆರ್.ಎ. ರಮಾಮಣಿ. ಮೃದಂಗ ಅವರ ಯಜಮಾನರು ಟಿ.ಎ.ಎಸ್. ಮಣಿಯವರದು, ಘಟ ಆರ್.ಎ. ರಾಜಗೋಪಾಲ್, ಖಂಜಿರ ಟಿ.ಎನ್. ಶಶಿಕುಮಾರ್. ಧ್ವನಿಮುದ್ರಿಕೆಯ ಹೆಸರು ‘ಜ್ಯೋತಿ’. 1983ರ ಫೆಬ್ರವರಿಯಲ್ಲಿ ಜರ್ಮನಿಯ ಲುಡ್‌ವಿಗ್ಸ್‌ಬರ್ಗ್ ಅನ್ನೋ ಊರಲ್ಲಿ ಮುದ್ರಣ ಆಯಿತು. ಹೊರತಂದದ್ದು ಮ್ಯೂನಿಕ್‌ನ ಇಸಿಎಂ, ಜಾಜ್ ಕೇಳೋ ಜನ ತುಂಬ ಗೌರವಿಸುವ ಕಂಪನಿ. ಇನ್ನು ಟ್ರಂಪೆಟ್ಟಿನ ಮಾತು. ಅದು ಇದರಲ್ಲಿ ಇದೆ ಮಾವ. ರಮಾಮಣಿಯವರ ಗಂಟಲೇ ಟ್ರಂಪೆಟ್.

— ಅದು ಹೊಗಳಿಕೆಯ ಮಾತಾಯಿತು. ಗಂಟಲು ಗಂಟಲೇ.

— ಹೊಗಳಿಕೆಗೆ ಹೇಳಲಿಲ್ಲ. ಜಾಜ್ ಮೇಳದಲ್ಲಿ ಟ್ರಂಪೆಟ್ಟಿನವನ ಕೆಲಸ ಏನು ನೋಡಿ. ಮುಂದೆ ನಿಂತು ಮಟ್ಟು ಹಿಡಿಯಬೇಕು. ಆಮೇಲೆ ಆ ಮಟ್ಟು ಬಿಟ್ಟು ತಾನೊಬ್ಬನೇ ಬಯಲಿಗೆ ಇಳಿಯಬೇಕು. ಇನ್ನೊಬ್ಬ ಊದಿದ್ದಕ್ಕೆ ಉತ್ತರ ಕೊಡಬೇಕು, ತಾಳದವರನ್ನು ಕೆಣಕಬೇಕು, ಕೊನೆಗೆ ಎಲ್ಲರನ್ನೂ ಮನೆಗೆ ಕರಕೊಂಡು ಬರಬೇಕು. ‘ಜ್ಯೋತಿ’ಯಲ್ಲಿ ಇಷ್ಟನ್ನೂ ಮಾಡೋದು ರಮಾಮಣಿ. ಮೊದಲನೇ ಹಾಡಿನ ಹೆಸರೇ ‘ವಾಯ್ಸ್ ಸೋಲೊ’. ಜಗತ್ತಿಗೆಲ್ಲ ಗೊತ್ತಿರುವ ಸ್ಯಾಕ್ಸೊಫೋನ್‌ದಾರನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅವನಿಂದ ಒಂದು ಉಸಿರನ್ನೂ ಊದಿಸದೆ, ಬರೀ ಕಂಠದಿಂದ ಶುರು ಮಾಡಿದಾರೆ. ಮುಂದಾಳು ಯಾರು ಅಂತ ಅಲ್ಲೇ ತೀರ್ಮಾನ ಆಗಿಬಿಡುತ್ತೆ.

— ಆ ಮೊದಲನೇದು ನಿಜವಾಗಿ ಚೆನ್ನಾಗಿದೆ. ಅದರಲ್ಲಿ ಯಾವ ಅವಸರವೂ ಇಲ್ಲ. ಆದರೆ ಕಂಠಕ್ಕೂ ಕಹಳೆಗೂ ನಂಟು ಕಟ್ಟೋಕೆ ಅಮೆರಿಕಕ್ಕೆ ಯಾಕೆ ಹೋಗಬೇಕು? ಇಲ್ಲೇ ಸಿರಾ ಸೀಮೆಯ ಕಾಡುಗೊಲ್ಲರ ಹಟ್ಟಿಗೆ ಹೋಗು. ಗಣೆ ಊದೋದನ್ನು ಕೇಳಿದೀಯಾ?

— ಹೆಸರು ಕೇಳಿದೀನಿ. ಎದುರಿಗೆ ಕೂತು ಕೇಳಿಲ್ಲ.

— ಬಿದಿರಿನ ಕೊಳಲೇ ಅದು, ಆದರೆ ಕಚೇರಿ ಕೊಳಲಿನ ಹಾಗೆ ಗಿಡ್ಡ ಅಲ್ಲ, ಉದ್ದ. ದನಿ ಗಂಭೀರ, ಉಸಿರಿನ ಸದ್ದೂ ಅದರಲ್ಲಿ ಬೆರೆತಿರುತ್ತೆ. ಆ ಗೊಲ್ಲರ ದೈವ ಜುಂಜಪ್ಪನ ಕತೆ ಹೇಳೋರು ಅದನ್ನು ಹಿಡಿದೇ ಹೇಳೋದು. ಒಂದಷ್ಟು ಪದ ಹೇಳುತ್ತಾರೆ, ಗಣೆ ತುಟಿಗೆ ಇಟ್ಟು ಊದುತ್ತಾರೆ, ತೆಗೆದು ಮತ್ತೆ ಪದ. ಆ ಊದೋದು ಪದದ ನಡುವೆ ಸುಮ್ಮನೆ ಜಾಗ ತುಂಬೋಕೆ ಅಂತ ಮೊದಲು ಅಂದುಕೊಂಡಿರುತ್ತೀವಿ. ಕೇಳುತ್ತಾ ಕೇಳುತ್ತಾ ತಿಳಿಯುತ್ತೆ, ಬಾಯಿ ಎಲ್ಲಿಗೆ ನಿಲ್ಲಿಸಿತೋ ಅಲ್ಲಿಂದ ಬಿದಿರು ಮುಂದುವರಿಸುತ್ತಾ ಇದೆ. ಕತೆಯಲ್ಲಿ ದುಃಖ ಬಂದರೆ ಮಾತಿಗಿಂತ ಗಣೆಯೇ ಹೆಚ್ಚು ಹೊತ್ತು ಅಳುತ್ತೆ. ಹಾಡೋನೂ ಊದೋನೂ ಒಬ್ಬನೇ ಆದ್ದರಿಂದ ಎರಡರ ಉಸಿರೂ ಒಂದೇ.

— ಲೂಯಿ ಆರ್ಮ್‌ಸ್ಟ್ರಾಂಗ್ ಮಾಡಿದ್ದೂ ಇದನ್ನೇ ಮಾವ. ಟ್ರಂಪೆಟ್ ಊದುತ್ತಿದ್ದ ಮನುಷ್ಯ ಅದನ್ನು ಕೆಳಗಿಟ್ಟು ಬಾಯಲ್ಲಿ ಹಾಡಿದರೆ ಅರ್ಥವಿಲ್ಲದ ಅಕ್ಷರಗಳಲ್ಲಿ ಹಾಡುತ್ತಿದ್ದ. 1926ರಲ್ಲಿ ‘ಹೀಬಿ ಜೀಬೀಸ್’ ಅನ್ನೋ ರೆಕಾರ್ಡು ಬಂತು, ಜಾಜ್‌ನವರು ಅದನ್ನು ಸ್ಕ್ಯಾಟ್ ಅಂತಾರೆ. ತುತ್ತೂರಿಯಲ್ಲಿ ಊದೋದನ್ನೇ ನಾಲಿಗೆಯಲ್ಲಿ ಆಡೋದು. ಅದು ಹೊಸತು ಅಂತ ಅವರು ಹಿಗ್ಗಿದರು. ನಮ್ಮಲ್ಲಿ ಮೃದಂಗ ಕಲಿಯೋ ಹುಡುಗ ಚರ್ಮ ಮುಟ್ಟೋಕೆ ಮುಂಚೆ ತಿಂಗಳುಗಟ್ಟಲೆ ತಕಧಿಮಿ ತಕಜಣು ಅಂತ ಬಾಯಲ್ಲೇ ನುಡಿಸುತ್ತಿರುತ್ತಾನೆ. ಹೀಗಾಗಿ ರಮಾಮಣಿ ಜಾಜ್ ವೇದಿಕೆ ಹತ್ತಿದಾಗ ಅವರಿಂದ ಕಲಿಯೋದಕ್ಕಿಂತ ಅವರಿಗೆ ಕೊಡೋದೇ ಹೆಚ್ಚಿತ್ತು. ರಾಗದ ಆಲಾಪನೆ ಒಂದು ಕಡೆ, ಬಾಯಲ್ಲೇ ತಾಳ ನುಡಿಸೋ ಈ ಕೊನ್ನಕ್ಕೋಲು ಇನ್ನೊಂದು ಕಡೆ. ಎರಡೂ ಒಂದೇ ಗಂಟಲಲ್ಲಿ.

— ಆಯಿತು, ಒಪ್ಪಿದೆ. ಈಗ ನನ್ನ ತಕರಾರು ಕೇಳು. ಸಾಹಿತ್ಯ ಎಲ್ಲಿ ಹೋಯಿತು? ‘ಭಜನ್’ ಅನ್ನೋ ಕೊನೇದು ಬಿಟ್ಟರೆ ನನ್ನ ಕಿವಿ ಹಿಡಿದದ್ದು ಸ್ವರ, ನಾದ, ಗಮಕ. ನಮ್ಮ ಸಂಗೀತ ನಿಂತಿರೋದು ಮಾತಿನ ಮೇಲೆ. ದಾಸರು ಮಾತಿಲ್ಲದೆ ಹಾಡಿದರಾ? ಜುಂಜಪ್ಪನ ಗಣೆ ಕತೆಯ ಬೆನ್ನಿಗೆ ನಿಂತಿರುತ್ತೆ, ಕತೆಯನ್ನೇ ತೆಗೆದು ಹಾಕಿದರೆ ಅದು ಬರೀ ಸದ್ದು.

— ಕಚೇರಿಯಲ್ಲಿ ಅರ್ಧ ಗಂಟೆ ರಾಗ ಹಾಡುವಾಗ ಯಾವ ಸಾಹಿತ್ಯ ಇರುತ್ತೆ? ತದರಿ ನನ ಅಷ್ಟೇ. ಅದನ್ನು ಕೇಳಿ ನೀವೇ ಕಣ್ಣೊರೆಸಿಕೊಂಡದ್ದನ್ನು ನಾನು ಕಂಡಿದೀನಿ.

— ಅದರ ಹಿಂದೆ ಕೀರ್ತನೆ ಬರುತ್ತೆ ಅನ್ನೋ ನಂಬಿಕೆ ಇರುತ್ತೆ ಕಣಮ್ಮ. ರಾಗ ಹಾಡೋನು ಬಾಗಿಲು ತೆಗೀತಾನೆ, ಒಳಗೆ ದೇವರು ಇದ್ದಾನೆ ಅಂತ ನಮಗೆ ಗೊತ್ತು.

— ಇಲ್ಲಿ ಬಾಗಿಲು ತೆಗೆದ ಮೇಲೆ ಒಳಗಿರೋದು ಇನ್ನೊಬ್ಬ ಮನುಷ್ಯ. ಅದಕ್ಕೇ ಈ ಸಂಗೀತ ನನಗೆ ಮುಖ್ಯ ಅನ್ನಿಸೋದು. ರಮಾಮಣಿ ಒಂದು ಸಂಗತಿ ಹಾಕುತ್ತಾರೆ, ಕನ್ನಡ ಬಾರದ, ನಮ್ಮ ದೇವರ ಹೆಸರೂ ಸರಿಯಾಗಿ ಹೇಳಲಾರದ ಒಬ್ಬ ಹಿರಿಯ ಅದನ್ನು ಕೇಳಿಸಿಕೊಂಡು ಉತ್ತರ ಕೊಡುತ್ತಾನೆ. ಮಾತು ಇದ್ದಿದ್ದರೆ ಅವನು ಹೊರಗೇ ನಿಲ್ಲಬೇಕಾಗಿತ್ತು. ಮಾತು ಬಿಟ್ಟಿದ್ದರಿಂದ ಒಳಗೆ ಬಂದ.

— ಈ ಮಾತಿಗೆ ನನ್ನಲ್ಲಿ ಉತ್ತರ ಇಲ್ಲ. ಆದರೂ ‘ಭಜನ್’ ನನಗೆ ಹೆಚ್ಚು ಇಷ್ಟ, ಅದನ್ನು ಬಿಟ್ಟುಕೊಡಲ್ಲ. ಆ ಹಿರಿಯನ ವಿಷಯ ಹೇಳು. ಊದೋದರಲ್ಲಿ ಎಲ್ಲೋ ಓಲಗದ ವಾಸನೆ ಇದೆ.

— ನಿಮ್ಮ ಕಿವಿ ಸರಿಯಾಗಿದೆ. 1960ರ ದಶಕದಲ್ಲಿ ಮಲೇಷ್ಯಾದಲ್ಲಿ ಕೆಲಸಕ್ಕೆ ಇದ್ದಾಗ ಅವರು ಮೊದಲ ಸಲ ನಾದಸ್ವರ ಕೇಳಿದರು. ಅಲ್ಲಿಗೆ ವಲಸೆ ಹೋಗಿದ್ದ ನಮ್ಮ ದಕ್ಷಿಣದ ಜನ ನುಡಿಸುತ್ತಿದ್ದದ್ದು. ಅದರ ಹುಚ್ಚು ಹಿಡಿದು ಆಮೇಲೆ ದಕ್ಷಿಣ ಭಾರತಕ್ಕೇ ಬಂದು ನಾದಸ್ವರ ಕಲಿತರು. ಆ ಹೊತ್ತಿಗಾಗಲೇ ಅವರು ಹೆಸರಿಲ್ಲದವರೇನಲ್ಲ. ಚಾರ್ಲ್ಸ್ ಮಿಂಗಸ್‌ನ 1963ರ ‘ದಿ ಬ್ಲ್ಯಾಕ್ ಸೇಂಟ್ ಅಂಡ್ ದಿ ಸಿನ್ನರ್ ಲೇಡಿ’ಯಲ್ಲಿ ಆಲ್ಟೊ ಸ್ಯಾಕ್ಸೊಫೋನ್ ಊದಿದವರು ಅವರೇ. ಜಾಜ್ ಗೊತ್ತಿರೋರು ಆ ರೆಕಾರ್ಡಿನ ಹೆಸರು ಹೇಳಿದರೆ ಕೈ ಮುಗೀತಾರೆ. ಅಷ್ಟು ಮೇಲಕ್ಕೆ ಹೋದವರು ನಡುವಯಸ್ಸಲ್ಲಿ ಶಿಷ್ಯನಾಗಿ ನೆಲದ ಮೇಲೆ ಕೂತು ಸರಳೆ ವರಸೆಯಿಂದ ಶುರು ಮಾಡೋದು ಸಣ್ಣದಲ್ಲ.

— ಅದಕ್ಕೇ. ನಾದಸ್ವರದಲ್ಲಿ ಸ್ವರ ಬೆರಳಲ್ಲಿ ಅರ್ಧ, ತುಟಿಯಲ್ಲಿ ಅರ್ಧ. ಒತ್ತಡ ಸ್ವಲ್ಪ ಹೆಚ್ಚು ಕಡಿಮೆ ಆದರೂ ಸ್ವರ ಜಾರಿಹೋಗುತ್ತೆ. ಆ ಜಾರೋದನ್ನೇ ಪಳಗಿಸಿದರೆ ಗಮಕ. ಸ್ಯಾಕ್ಸೊಫೋನಿಗೆ ಕೀಲಿ ಇದೆ, ಒತ್ತಿದರೆ ಒಂದು ಸ್ವರ, ಬಿಟ್ಟರೆ ಇನ್ನೊಂದು. ಮಧ್ಯದ ದಾರಿ ಅದು ತಾನಾಗಿ ತೋರಿಸಲ್ಲ. ನಮ್ಮ ಕದ್ರಿ ಗೋಪಾಲನಾಥರು ಆ ಕೀಲಿಗಳನ್ನೇ ತಮಗೆ ಬೇಕಾದ ಹಾಗೆ ಮಾರ್ಪಾಟು ಮಾಡಿಕೊಂಡು ಗಮಕ ತರಿಸಿದರು. ಅವರು ಮೊದಲು ಸ್ಯಾಕ್ಸೊಫೋನ್ ಕೇಳಿ ಮರುಳಾದದ್ದು ಮೈಸೂರು ಅರಮನೆ ಬ್ಯಾಂಡಿನಲ್ಲಿ. ಅಪ್ಪ ನಾದಸ್ವರದವರು, ಮಗ ಸ್ಯಾಕ್ಸೊಫೋನಿಗೆ ಹೋದ. ಈ ಅಮೆರಿಕದವನು ಸ್ಯಾಕ್ಸೊಫೋನಿನಿಂದ ನಾದಸ್ವರಕ್ಕೆ ಬಂದ. ಇಬ್ಬರೂ ಒಂದೇ ದಾರಿಯಲ್ಲಿ ಎದುರುಬದುರು ನಡೆದಿದಾರೆ.

— ಒಂದು ವ್ಯತ್ಯಾಸ ಇದೆ. ಕದ್ರಿಯವರಿಗೆ ಇಡೀ ಸ್ಯಾಕ್ಸೊಫೋನನ್ನು ಕಚೇರಿಗೆ ತರೋ ಹಟ. ಮರಿಯಾನೊಗೆ ಕರ್ನಾಟಕ ಸಂಗೀತದವನಾಗಬೇಕು ಅನ್ನೋ ಹಟ ಇಲ್ಲ. ಮಟ್ಟು ಹಿಡಿಯುವಾಗ ರಮಾಮಣಿಯವರ ಜೊತೆ ಒಂದೇ ದನಿಯಾಗಿ ಹೋಗುತ್ತಾರೆ, ಬಿಟ್ಟಾಗ ಬೋಸ್ಟನ್ನಿನವರೇ. ಒಂದು ಸ್ವರವನ್ನು ಬೆಚ್ಚಗೆ ಹಿಡಿದು, ಸ್ವಲ್ಪ ಕೆಳಗೆ ಬಾಗಿಸಿ, ಅಲ್ಲೇ ನೋವು ತರುತ್ತಾರೆ. ಅದು ಬ್ಲೂಸ್. ರಾಗದ ಲೆಕ್ಕದಲ್ಲಿ ಆ ಬಾಗು ಎಲ್ಲಿ ಕೂರುತ್ತೆ ಅಂತ ಹುಡುಕಿದರೆ ಸಿಗಲ್ಲ. ನನಗೆ ತುಂಬ ಇಷ್ಟ ಆಗೋದು ಅವರು ಊದದೇ ಇರೋ ಜಾಗಗಳು. ರಮಾಮಣಿ ಮೇಲಿನ ಷಡ್ಜದ ಕಡೆ ಹೊರಟರೆ ಬಹಳ ಜನ ಸ್ಯಾಕ್ಸೊಫೋನಿನವರಿಗೆ ಕೈ ತಡೆಯಲ್ಲ, ಕೆಳಗಿಂದ ಏನಾದರೂ ಸೇರಿಸಿಬಿಡುತ್ತಾರೆ. ಇವರು ಸುಮ್ಮನೆ ಇರುತ್ತಾರೆ. ಅರವತ್ತಕ್ಕೆ ಹತ್ತಿರ ಬಂದ ಮನುಷ್ಯ, ತನ್ನ ಹೆಸರು ಮೊದಲು ಬರೆದಿರೋ ರೆಕಾರ್ಡಿನಲ್ಲಿ, ಸುಮ್ಮನಿರೋದು.

— ಅವನ ಹೆಸರು ಮೊದಲು ಬರೆದಿದೆಯಾ?

— ಮುಖಪುಟದಲ್ಲಿ ಚಾರ್ಲಿ ಮರಿಯಾನೊ ಮೊದಲು. ಆಮೇಲೆ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್. ಕೊನೆಗೆ, ಇವರ ಜೊತೆ ಆರ್.ಎ. ರಮಾಮಣಿ ಅಂತ.

— ಮುಂದೆ ನಿಂತು ಹಾಡಿದವರ ಹೆಸರು ಹಿಂದೆ.

— ಕಂಪನಿಯನ್ನು ಬಯ್ಯೋಕೆ ಈ ಮಾತು ಎತ್ತಲಿಲ್ಲ. 1983ರಲ್ಲಿ ಜರ್ಮನಿಯ ಅಂಗಡಿಯಲ್ಲಿ ರೆಕಾರ್ಡು ಕೈಗೆತ್ತಿಕೊಳ್ಳೋನಿಗೆ ಗುರುತಿನ ಹೆಸರು ಮರಿಯಾನೊ ಒಂದೇ. ಆದರೆ ಅದರ ಫಲ ಏನಾಯಿತು ನೋಡಿ. ಜಾಜ್ ಬರೆಯೋರು ಇದನ್ನು ಮರಿಯಾನೊ ಜೀವನದ ಒಂದು ಪ್ರವಾಸ ಅಂತ ಎರಡು ಸಾಲಲ್ಲಿ ಮುಗಿಸಿದರು. ನಮ್ಮ ಸಂಗೀತದವರು ಫ್ಯೂಷನ್ ಅಂತ ಪಕ್ಕಕ್ಕಿಟ್ಟರು. ರಮಾಮಣಿ ಎರಡು ಪಟ್ಟಿಯಲ್ಲೂ ಅಡಿಟಿಪ್ಪಣಿ ಆದರು. ‘ಜ್ಯೋತಿ’ಯನ್ನು ರಮಾಮಣಿಯವರ ರೆಕಾರ್ಡು ಅಂದುಕೊಂಡು ಮೊದಲಿಂದ ಕೇಳಿದರೆ ಅದರ ಆಕಾರವೇ ಬೇರೆ ಕಾಣುತ್ತೆ. ಅಂಥ ಮುಂದಾಳು ಗಾಯಕಿ ಆ ಕಾಲದ ಜಾಜ್‌ನಲ್ಲಿ ಎಷ್ಟು ಜನ ಇದ್ದರು? ಮಟ್ಟನ್ನೂ ಹಿಡಿದು, ತಾಳದ ಲೆಕ್ಕವನ್ನೂ ಬಾಯಲ್ಲಿ ಬಿಡಿಸಿ, ಗಂಡಸರ ತಂಡವನ್ನು ನಡೆಸೋರು?

— ಆ ಕಾಲೇಜು ಬೆಂಗಳೂರಲ್ಲಿ ಇರೋದಾ?

— ಹೌದು. ಮಣಿಯವರು 1964ರಲ್ಲಿ ಕಟ್ಟಿದ್ದು. ಹೆಸರೇ ಹೇಳುವ ಹಾಗೆ ತಾಳವಾದ್ಯಗಳನ್ನು ಕಲಿಸೋ ಶಾಲೆ. ‘ತಾಳ ತರಂಗಿಣಿ’ ಅಂತ ಬರೀ ತಾಳವಾದ್ಯಗಳ ತಂಡವನ್ನೂ ಕಟ್ಟಿದರು. ಪಕ್ಕವಾದ್ಯ ಅಂತ ಬದಿಯಲ್ಲಿ ಕೂರಿಸಿದ್ದ ಮೃದಂಗ, ಘಟ, ಖಂಜಿರಗಳನ್ನೇ ನಡುವೆ ಕೂರಿಸಿದ ಧೈರ್ಯ ಅದು. 1978-79ರಲ್ಲಿ ಮ್ಯೂನಿಕ್‌ನ ಎಂಬ್ರಿಯೊ ಅನ್ನೋ ತಂಡದವರು ಬಸ್ಸು ಹತ್ತಿ ಭೂಮಾರ್ಗದಲ್ಲೇ ಇಂಡಿಯಾ ತನಕ ಬಂದರು. ದಾರಿ ಉದ್ದಕ್ಕೂ ಸಿಕ್ಕವರ ಜೊತೆ ನುಡಿಸುತ್ತಾ ಬಂದವರು. ಹಾಗೆ ಮಣಿಯವರ ಜೊತೆಗೂ ಬೆಳೆದ ನಂಟಿನಿಂದಲೇ ಕಾಲೇಜಿನವರಿಗೆ ಜರ್ಮನಿಯ ಬಾಗಿಲು ತೆರೆದದ್ದು. ಎಂಬ್ರಿಯೊದಿಂದ ಒಡೆದುಬಂದ ಡಿಸಿಡೆಂಟನ್ ಅನ್ನೋರ ಮೊದಲ ರೆಕಾರ್ಡು, 1982ರ ‘ಜರ್ಮನಿಸ್ತಾನ್’ನಲ್ಲೂ ಇವರೇ ಇದಾರೆ. ಅದರ ಮರುವರ್ಷ ‘ಜ್ಯೋತಿ’. ಮಣಿಯವರು 2020ರಲ್ಲಿ ತೀರಿಕೊಂಡರು. ಮರಿಯಾನೊ 2009ರಲ್ಲೇ ಜರ್ಮನಿಯ ಕಲೋನ್‌ನಲ್ಲಿ.

— ತಾಳದವರು ಅಷ್ಟು ದೊಡ್ಡವರು ಅಂತೀಯ, ಆದರೆ ಈ ರೆಕಾರ್ಡಿನಲ್ಲಿ ಅವರು ಎಷ್ಟು ತಗ್ಗಿ ನುಡಿಸಿದಾರೆ! ನಮ್ಮ ಕಡೆ ತಾಳ ಅಂದರೆ ಎದೆಗೆ ಬಡಿಯಬೇಕು. ಅರೆವಾದ್ಯದವರು ಮೆರವಣಿಗೆಯಲ್ಲಿ ಬಂದರೆ ನೆಲ ನಡುಗುತ್ತೆ. ಉರುಮೆಯಲ್ಲಿ ಒಂದು ಮುಖಕ್ಕೆ ಬಾಗಿದ ಕೋಲನ್ನು ಉಜ್ಜಿ ಗುಮ್ಮ್ ಅನ್ನಿಸುತ್ತಾರೆ. ಆ ಸದ್ದು ಕೇಳಿದರೆ ಮೈಮೇಲೆ ದೇವರು ಬರಬೇಕು. ಮಧುಗಿರಿ ದಂಡಿನ ಮಾರಮ್ಮನ ಜಾತ್ರೆಯಲ್ಲಿ ಇಷ್ಟು ಮೆಲ್ಲಗೆ ನುಡಿಸಿದರೆ ಯಾರೂ ತಿರುಗಿ ನೋಡಲ್ಲ.

— ಜಾತ್ರೆಯ ತಾಳ ಬೇರೆ, ಕೋಣೆಯ ತಾಳ ಬೇರೆ ಅಲ್ಲವಾ ಮಾವ. ಇದೇ ಕಾರಣಕ್ಕೆ ನಾನು ‘ಶಕ್ತಿ’ ತಂಡಕ್ಕಿಂತ ಇದನ್ನು ಒಂದು ಕೈ ಮೇಲೆ ಇಡೋದು. ಜಾನ್ ಮೆಕ್‌ಲಾಗ್ಲಿನ್, ಎಲ್. ಶಂಕರ್, ಜಾಕಿರ್ ಹುಸೇನ್, ವಿಕ್ಕು ವಿನಾಯಕರಾಮ್. ಒಬ್ಬೊಬ್ಬರೂ ಪರ್ವತ. 1976ರಲ್ಲಿ ಅವರ ಮೊದಲ ರೆಕಾರ್ಡು ಬಂದಾಗ ಜಗತ್ತು ಬೆರಗಾಯಿತು, ಆಗಬೇಕಾದ್ದೇ. ಆದರೆ ಅಲ್ಲಿ ವೇಗದ್ದೇ ಕಾರುಬಾರು. ಕೇಳಿ ಮುಗಿದ ಮೇಲೆ ಬೆವರು ನೆನಪಿರುತ್ತೆ, ಮಟ್ಟು ನೆನಪಿರಲ್ಲ. ‘ಜ್ಯೋತಿ’ ಕೇಳಿದರೆ ಮಟ್ಟು ವಾರಗಟ್ಟಲೆ ಬಾಯಲ್ಲಿ ಇರುತ್ತೆ. ಮಣಿಯವರ ಮೃದಂಗವನ್ನು ಮಾತ್ರ ಇನ್ನೊಂದು ಸಲ ಕೇಳಿ. ಸದ್ದು ಸಣ್ಣದು, ಲೆಕ್ಕ ಸಣ್ಣದಲ್ಲ. ಮುಕ್ತಾಯ ಎಲ್ಲಿಂದ ಎತ್ತಿದರು ಅಂತ ತಿಳಿಯೋ ಹೊತ್ತಿಗೆ ಸಮಕ್ಕೆ ಬಂದು ಕೂತಿರುತ್ತಾರೆ. ಕೊನ್ನಕ್ಕೋಲು ಹೇಳೋವಾಗಲೂ ಬಾಯಿ ಕಿರುಚಲ್ಲ, ಅಕ್ಷರ ಒಂದೊಂದೂ ಬಿಡಿಬಿಡಿ.

— ‘ಶಕ್ತಿ’ ವಿಷಯದಲ್ಲಿ ನೀನು ಹೇಳಿದ್ದು ಸ್ವಲ್ಪ ಜಾಸ್ತಿಯಾಯಿತು. ವಿಕ್ಕು ಅವರ ಘಟಕ್ಕೆ ನಾನು ಯಾವತ್ತೂ ತಲೆಬಾಗುತ್ತೀನಿ.

— ನಾನೂ ಬಾಗುತ್ತೀನಿ. ಎರಡರಲ್ಲಿ ಯಾವುದನ್ನು ಮತ್ತೆ ಮತ್ತೆ ಹಾಕಿಕೊಂಡು ಕೇಳುತ್ತೀನಿ ಅನ್ನೋದನ್ನಷ್ಟೇ ಹೇಳಿದೆ.

— ನನಗೆ ಹಿಡಿಸದ ಒಂದು ಇದೆ. ದನಿಯ ಸುತ್ತ ಏನೋ ಒಂದು ಗುಂಯ್ ಅನ್ನೋದು. ಖಾಲಿ ಕಲ್ಲುಮಂಟಪದಲ್ಲಿ ನಿಂತು ಹಾಡಿದ ಹಾಗೆ ಕೇಳುತ್ತೆ. ಖಂಜಿರದ ಚರ್ಮ ಹತ್ತಿರದಿಂದ ಕೇಳಬೇಕು, ಬೆರಳಿನ ತೇವ ಗೊತ್ತಾಗಬೇಕು. ಇದರಲ್ಲಿ ಅದು ಆಚೆ ಬೀದಿಯಲ್ಲಿದೆ.

— ಅದು ಇಸಿಎಂನ ರೀತಿ. ಕಂಪನಿ ಕಟ್ಟಿದ ಮಾನ್‌ಫ್ರೆಡ್ ಐಖರ್ ಅವರೇ ಇದಕ್ಕೂ ನಿರ್ಮಾಪಕರು. ಸ್ವರದ ಸುತ್ತ ಜಾಗ ಬಿಡೋದು ಅವರ ಅಭ್ಯಾಸ, 1969ರಿಂದಲೂ ಹಾಗೇ. ರಮಾಮಣಿಯವರ ಕಂಠಕ್ಕೆ ಅದು ಒಳ್ಳೆಯದು ಮಾಡಿದೆ ಅಂತ ನನ್ನ ಎಣಿಕೆ. ಅವರು ಒಂದು ಸ್ವರ ಬಿಟ್ಟ ಮೇಲೂ ಅದು ಗಾಳಿಯಲ್ಲಿ ಒಂದು ಗಳಿಗೆ ನಿಂತಿರುತ್ತೆ, ಮರಿಯಾನೊ ಅದರ ಬಾಲ ಹಿಡಿದು ಒಳಗೆ ಬರುತ್ತಾರೆ. ಖಂಜಿರದ ಮಟ್ಟಿಗೆ ನೀವು ಹೇಳಿದ್ದು ಸರಿ. ಶಶಿಕುಮಾರ್ ಇನ್ನಷ್ಟು ಹತ್ತಿರ ಕೇಳಬೇಕಿತ್ತು.

— ಇಷ್ಟು ವರ್ಷ ಇದು ನಮ್ಮ ಕಿವಿಗೆ ಯಾಕೆ ಬೀಳಲಿಲ್ಲ? ಬೆಂಗಳೂರು ನಮ್ಮೂರು ಕೊಳಾಲಕ್ಕೆ ಎಷ್ಟು ದೂರ? ಬೆಳಿಗ್ಗೆ ಬಸ್ಸು ಹತ್ತಿದರೆ ಮಧ್ಯಾಹ್ನ ಊಟದ ಹೊತ್ತಿಗೆ ಕೆಲಸ ಮುಗಿಸಿಕೊಳ್ಳಬಹುದು. ಅಲ್ಲಿ ಹುಟ್ಟಿದ ಸಂಗೀತ ಜರ್ಮನಿ ಸುತ್ತಿಕೊಂಡು ಬರಬೇಕಾಯಿತಾ?

— ಹೊರದೇಶದ ಎಲ್‌ಪಿಯನ್ನು ತರಿಸಿಕೊಳ್ಳೋ ಶಕ್ತಿ ಆಗ ಎಷ್ಟು ಜನಕ್ಕೆ ಇತ್ತು? ಆಮೇಲೆ ಸಿಡಿ ಬಂದರೂ ಅಷ್ಟೇ. ಇಸಿಎಂನವರು ತಮ್ಮ ರೆಕಾರ್ಡುಗಳನ್ನು ಮೊಬೈಲಲ್ಲಿ ಕೇಳೋಕೆ ಬಿಟ್ಟದ್ದು 2017ರ ನವೆಂಬರಿನಲ್ಲಿ. ಅಲ್ಲಿಗೆ ‘ಜ್ಯೋತಿ’ಗೆ ಮೂವತ್ತನಾಲ್ಕು ವರ್ಷ. ಇವತ್ತು ನಿಮ್ಮ ಜಗಲಿ ಮೇಲೆ ಕೂತು ಕೇಳಿದ್ವಿ ಅಂದರೆ ಅದರಿಂದಲೇ. ಬೆಂಗಳೂರಿನ ವೇದಿಕೆಗಳಲ್ಲಿ ರಮಾಮಣಿ ಹಾಡಿದಾರೆ, ಮುಂಬಯಿಯ ಜಾಜ್ ಪಿಯಾನೋ ವಾದಕ ಲೂಯಿ ಬ್ಯಾಂಕ್ಸ್ ಅವರ ಜೊತೆ ಹಾಡಿ ಯೂರೋಪ್ ತಿರುಗಿದಾರೆ. ಆ ಲೂಯಿ ಬ್ಯಾಂಕ್ಸ್ ಡಾರ್ಜಿಲಿಂಗ್‌ನಲ್ಲಿ ಹುಟ್ಟಿದವರು. ಅಪ್ಪ ಟ್ರಂಪೆಟ್ ವಾದಕ, ಆರ್ಮ್‌ಸ್ಟ್ರಾಂಗ್ ಮೇಲಿನ ಪ್ರೀತಿಗೆ ಮಗನಿಗೆ ಲೂಯಿ ಅಂತ ಹೆಸರಿಟ್ಟರು. ಟ್ರಂಪೆಟ್ಟಿನ ಮನೆಯಲ್ಲಿ ಬೆಳೆದ ಆ ಮನುಷ್ಯ ತನ್ನ ಮೇಳದ ಮುಂದೆ ನಿಲ್ಲಿಸಿದ್ದು ರಮಾಮಣಿಯವರನ್ನು. ನಾನು ಮೊದಲು ಹೇಳಿದ ಮಾತಿಗೆ ಇದಕ್ಕಿಂತ ದೊಡ್ಡ ಸಾಕ್ಷಿ ನನಗೆ ಬೇಡ.

— ಟ್ರಂಪೆಟ್ ಅಂದಾಗ ನೆನಪಾಯಿತು. ಮದುವೆ ಬ್ಯಾಂಡ್‌ಸೆಟ್ಟಿನಲ್ಲಿ ಊದೋ ಹುಡುಗ ಒಬ್ಬ ನನ್ನ ಹತ್ತಿರ ಬರುತ್ತಾನೆ. ಸಿನಿಮಾ ಹಾಡು ಒಂದೂ ಬಿಡದೆ ಊದುತ್ತಾನೆ, ಉಸಿರು ಗಟ್ಟಿ, ಕೈ ಚುರುಕು. ಆದರೆ ಹಾಡಿನಲ್ಲಿ ಇರೋದಕ್ಕಿಂತ ಒಂದು ಸ್ವರ ಹೆಚ್ಚು ಊದು ಅಂದರೆ ಹೆದರುತ್ತಾನೆ. ತನ್ನದು ಅಂತ ಏನಾದರೂ ಊದಬಹುದು ಅನ್ನೋದೇ ಅವನಿಗೆ ಗೊತ್ತಿಲ್ಲ. ಟ್ರಂಪೆಟ್ಟಿಗೆ ಇರೋದು ಮೂರೇ ಕೀಲಿ, ಮಿಕ್ಕಿದ್ದೆಲ್ಲ ತುಟಿ. ನಮ್ಮ ಹಳೇ ಕಹಳೆಗೆ ಅದೂ ಇಲ್ಲ, ಪೂರ್ತಿ ತುಟಿಯದೇ ಕೆಲಸ. ತುಟಿಯ ವಾದ್ಯದವನು ಮೊದಲು ಹಾಡೋದನ್ನು ಕಲೀಬೇಕು ಅಂತ ನಾನು ಹೇಳಿ ಹೇಳಿ ಸಾಕಾಗಿದೆ.

— ಅವನಿಗೆ ಏನು ಕೇಳಿಸಲಿ? ಮೈಲ್ಸ್ ಡೇವಿಸ್ ಹಾಕಲಾ?

— ಅದು ಆಮೇಲೆ. ಮೊದಲು ಈ ಹೆಂಗಸಿನ ‘ವಾಯ್ಸ್ ಸೋಲೊ’ ಕೇಳಿಸು. ಕೇಳಿ ಮುಗಿಯುತ್ತಲೇ ಟ್ರಂಪೆಟ್ ಎತ್ತಬೇಡ, ಬಾಯಲ್ಲಿ ಹಾಡು ಅಂತೀನಿ. ಹಾಡಿದ್ದು ಬಂದರೆ ಊದಲಿ. ಇದರದೇ ‘ವರ್ಷಿಣಿ’ ಅನ್ನೋ ಹಾಡು ಎರಡನೇ ದಿನಕ್ಕೆ ಇರಲಿ, ಅದರಲ್ಲಿ ತಾಳ ಸೇರುತ್ತೆ. ಮೊಬೈಲಿನ ಸ್ಪೀಕರ್ ಸಾಲದು, ನಿನ್ನ ಆ ಡಬ್ಬಿ ಸ್ಪೀಕರ್ ಇಲ್ಲೇ ಬಿಟ್ಟುಹೋಗು.

— ಬಿಟ್ಟುಹೋಗುತ್ತೀನಿ. ಆದರೆ ಯಾರ ರೆಕಾರ್ಡು ಇದು ಅಂತ ಅವನು ಕೇಳಿದರೆ?

— ಆರ್.ಎ. ರಮಾಮಣಿಯವರದು ಅಂತೀನಿ. ಸ್ಯಾಕ್ಸೊಫೋನ್ ಚಾರ್ಲಿ ಮರಿಯಾನೊ.